ಹಳದಿ ವೈರು ಮತ್ತು ರಿಮೋಟು

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಮರಾಠಿ ಸೀಮೆಯ ನಿಗಡಿಯಲ್ಲಿರುವ ನಮ್ಮ ಮನೆಗೆ ದೊಡ್ಡ ಚಪ್ಪಟೆ ಟಿವಿ ಬಂತು, ಅದರ ಹಿಂದೆಯೇ ಹೈ ಡೆಫಿನಿಷನ್ ಸೆಟ್‌ಟಾಪ್ ಬಾಕ್ಸೂ ಬಂತು. ಅದೇ ತಿಂಗಳು ನನ್ನ ಹೆಂಡತಿಗೆ ಮುಂಬೈಯ ಒಂದು ಮರಾಠಿ ವಾಹಿನಿಯಿಂದ ಕರೆ ಬಂತು. ಬೆಳಗಿನ ನೇರ ಪ್ರಸಾರದಲ್ಲಿ ಹಾಡಬೇಕಂತೆ.

ಹಾಡಲು ಅವಳಿಗೆ ಹೆದರಿಕೆಯಿರಲಿಲ್ಲ. ಆದರೆ ಹಾಡುವಾಗ ಅವಳ ಮುಖ ಸೊಟ್ಟಗಾಗುತ್ತದೆ ಎಂದು ನೆಂಟರ ಮದುವೆಯಲ್ಲಿ ಯಾರೋ ನಕ್ಕಿದ್ದರು. ಅಂದಿನಿಂದ ನಾಲ್ಕು ಜನರ ಮುಂದೆ ಹಾಡುವುದನ್ನೇ ಬಿಟ್ಟಿದ್ದಳು.

"ಇದೊಂದು ಹಾಡ್ತೀನಿ, ಟಿವ್ಯಾಗ ಬಂದದ್ದು ರೆಕಾರ್ಡ್ ಮಾಡಿ ಕೊಡ್ರಿ," ಎಂದಳು. "ನನ್ನ ಮುಖ ನಾನೇ ನೋಡ್ತೀನಿ. ಖರೇನ ಹಂಗ ಆಗ್ತಿದ್ರ ಇನ್ನ ಮನ್ಯಾಗಷ್ಟೇ ಹಾಡ್ತೀನಿ."

ಡಿವಿಡಿ ರೆಕಾರ್ಡರ್ ತಂದೆ. ಬಾಕ್ಸಿನ ಹಿಂದೆ ಎಚ್‌ಡಿಎಂಐ ತೂತು, ರೆಕಾರ್ಡರಿನ ಹಿಂದೆಯೂ ಎಚ್‌ಡಿಎಂಐ ತೂತು. ನಡುವೆ ವೈರು ಸಿಕ್ಕಿಸಿದೆ, ಏನೂ ಬರಲಿಲ್ಲ. ರೆಕಾರ್ಡರಿನ ಆ ತೂತಿನಿಂದ ಚಿತ್ರ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲವಂತೆ. ಇಂಥ ಯಂತ್ರ ಮಾಡಿದ ಮಹಾಶಯನಿಗೆ ಏನನ್ನಬೇಕು? ಮರುದಿನ ಹಸಿರು, ನೀಲಿ, ಕೆಂಪು ತುದಿಯ ಕಾಂಪೊನೆಂಟ್ ವೈರು ತಂದೆ. ಬಾಕ್ಸಿನಲ್ಲಿ ಅದಕ್ಕೆ ಜಾಗವಿತ್ತು, ರೆಕಾರ್ಡರಿನಲ್ಲಿ ಇರಲಿಲ್ಲ. ಅಂಗಡಿಗೆ ಹೋಗಿ ಕೂಗಾಡಿದೆ. ಅಂಗಡಿಯವನು ತಣ್ಣಗೆ, "ಸಾಹೇಬ, ಪಿವಳೀ ವಾಯರ್ ಲಾವಾ," ಎಂದ. ಹಳದಿ ವೈರು ಹಾಕಬೇಕಂತೆ. ಹಳದಿ, ಕೆಂಪು, ಬಿಳಿ: ಹಳೆಯ ಡಬ್ಬಾ ಟಿವಿಯ ಕಾಲದ ಅವೇ ಮೂರು ವೈರು. ಹೈ ಡೆಫಿನಿಷನ್ ಚಿತ್ರ ಅದರಲ್ಲಿ ಹಾದು ಬಂದರೆ ಸಾದಾ ಚಿತ್ರವೇ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

"ಮುಖ ಕಂಡ್ರ ಸಾಕಲ್ರೀ," ಎಂದು ಹೆಂಡತಿಯೇ ಸಮಾಧಾನ ಮಾಡಿದಳು.

ಬಾಕ್ಸಿನಲ್ಲಿ ಯಾವ ಚಾನೆಲ್ ಇರುತ್ತದೋ ಅದೇ ರೆಕಾರ್ಡ್ ಆಗುತ್ತಿತ್ತು. ಆ ಮರಾಠಿ ವಾಹಿನಿ ಇಟ್ಟು, ಟೈಮರ್ ಹಾಕಿ, ಅವ್ವನಿಗೆ ಏನೂ ಮುಟ್ಟಬೇಡ ಎಂದು ಹೇಳಿ ಇಬ್ಬರೂ ಮುಂಬೈಗೆ ಹೋದೆವು. ಅಲ್ಲಿ ನನ್ನನ್ನು ಸ್ಟುಡಿಯೊದ ಹೊರಗೇ ಕೂರಿಸಿದರು.

ಮನೆಗೆ ಬಂದವರಿಗೆ ನೀರು, ಚಹಾ ಕೊಡುವುದು ನಮ್ಮ ಪದ್ಧತಿ. ಟಿವಿ ಬಂದ ಮೇಲೆ ಅವ್ವ ಆ ಉಪಚಾರಕ್ಕೆ ರಿಮೋಟನ್ನೂ ಸೇರಿಸಿದ್ದಳು. ಅಂದು ನೆರೆಮನೆಯ ಕಾಕಾ ಬಂದಿದ್ದರು, ಅದೂ ನನ್ನ ಹೆಂಡತಿಯ ಹಾಡು ಕೇಳಲೆಂದೇ. ಅವ್ವ ರಿಮೋಟು ಕೈಗಿತ್ತಳಂತೆ. "ಬ್ಯಾಡ್ರಿ, ಹಾಡು ಕೇಳೂಣು," ಎಂದರಂತೆ ಅವರು. "ಸಂಕೋಚ ಮಾಡಬ್ಯಾಡ್ರಿ. ಹಾಡೇನು, ಮನ್ಯಾಗ ದಿನಾ ಇರ್ತದ," ಎಂದಳಂತೆ ಅವ್ವ. ಹಿರಿಯರ ಮಾತು ಮೀರಬಾರದೆಂದು ಕಾಕಾ ಕ್ರಿಕೆಟ್ ಹಾಕಿದರು. ಇಬ್ಬರಿಗೂ ಹಾಡು ಕೇಳುವ ಆಸೆಯಿತ್ತು. ಇಬ್ಬರೂ ಮರ್ಯಾದೆಗೆ ಕೂತು ಪಂದ್ಯ ಮುಗಿಯುವವರೆಗೆ ನೋಡಿದರು.

ಸಂಜೆ ಮನೆಗೆ ಬಂದು ರೆಕಾರ್ಡ್ ಆದದ್ದನ್ನು ಹಚ್ಚಿ ನೋಡಿದೆವು. ತಂಬೂರಿ ಕೇಳಿಸಿತು, ಟಿವಿಯಲ್ಲಿ ಹೆಂಡತಿ ಕಣ್ಣು ಮುಚ್ಚಿದಳು, ಮೆಲ್ಲಗೆ ಷಡ್ಜ ಹಿಡಿದಳು. ಅಷ್ಟರಲ್ಲಿ ಯಾವನೋ ಬೌಲರ್ ಓಡಿಬಂದ. ನನ್ನ ಮೈ ಉರಿದುಹೋಯಿತು.

"ನಾ ಎಲ್ಲಿ ಮುಟ್ಟೀನಿ?" ಎಂದಳು ಅವ್ವ. "ಕಾಕಾರು ಮುಟ್ಟ್ಯಾರ."

ಹೆಂಡತಿ ಸಿಟ್ಟಾಗಲಿಲ್ಲ. ಹಿಂದಕ್ಕೆ ತಿರುಗಿಸಿ ಆ ಷಡ್ಜವನ್ನೇ ಮತ್ತೆ ಮತ್ತೆ ನೋಡಿದಳು.

"ಇಷ್ಟರಾಗ ಏನೂ ತಿಳಿಯಂಗಿಲ್ಲ," ಎಂದಳು. "ಇನ್ನೊಮ್ಮೆ ಕರದ್ರ ನೋಡೂಣು."

ನಿನ್ನ ಮುಖ ಚೆಂದವೇ ಇರುತ್ತದೆ ಎಂದು ನಾನು ಇಂದಿಗೂ ಹೇಳುತ್ತೇನೆ. ಗಂಡ ಹೇಳಿದ್ದನ್ನು ಯಾವ ಹೆಂಡತಿ ನಂಬುತ್ತಾಳೆ? ವಾಹಿನಿಯವರು ಮತ್ತೆ ಕರೆಯಲಿಲ್ಲ. ಅವಳು ಮನೆಯಲ್ಲಷ್ಟೇ ಹಾಡುತ್ತಾಳೆ, ಅದೂ ಗೋಡೆಯ ಕಡೆ ಮುಖ ಮಾಡಿ.