ನೋಯದ ಹೆಗಲಿನ ಫಿಲ್ಮು

ಆಗ ನಮ್ಮ ಶಿರಸಿಯ ಜನ ಎಂಆರ್‌ಐ ಮಾಡಿಸಲು ಹುಬ್ಬಳ್ಳಿಗೆ ಹೋಗಬೇಕಿತ್ತು. ಫಿಲ್ಮಿನ ದೊಡ್ಡ ಲಕೋಟೆಯನ್ನು ಯಲ್ಲಾಪುರದ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಅದನ್ನು ನೋಡಿ ವರದಿ ಬರೆಯುವವನು ನಾನು. ಓದು ಮುಗಿಸಿ ಬಂದ ಹೊಸತು, ತಲೆಯ ಮೇಲೆ ಎರಡು ಕೊಂಬು ಬೇರೆ.

ಒಂದು ಬೆಳಿಗ್ಗೆ ಹೆಗ್ಗರಣೆ ಕಡೆ ಬಸ್ಸು ಓಡಿಸುವ ಡ್ರೈವರೊಬ್ಬರು ಬಂದರು. ಆ ಕಾಲದ ಬಸ್ಸಿನ ಸ್ಟೇರಿಂಗು ತಿರುಗಿಸುವುದೆಂದರೆ ರುಬ್ಬುಗುಂಡು ತಿರುಗಿಸಿದ ಹಾಗೆ. ಹೆಗಲು ನೋವೆಂದು ತಿಳಿದು ಆಫೀಸಿನವರು ಡಾಕ್ಟರ ವರದಿ ಕೇಳಿದ್ದರು. ಸರಿಯಿಲ್ಲವೆಂದು ಬಂದರೆ ಸ್ಟೇರಿಂಗು ಬಿಡಿಸುತ್ತಾರೆ ಎಂದು ಅವರ ಹೆದರಿಕೆ.

ಎಡಹೆಗಲಿನ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಹೆಗಲಿನ ಗುಳಿಯ ಸುತ್ತ ಮೆತ್ತನೆಯ ಅಂಚೊಂದು ಇರುತ್ತದೆ. ಮುಂಬದಿಯಲ್ಲಿ, ಮೇಲ್ಗಡೆ, ಅದು ಎಲುಬಿನಿಂದ ಬಿಟ್ಟುಕೊಂಡಿತ್ತು. ಅಂಚು ಹರಿದಿದೆ ಎಂದು ಬರೆದು, ಓದಿಯೂ ಹೇಳಿದೆ.

ಅವರ ಮುಖ ಬಾಡಿತು. "ಡಾಕ್ಟ್ರೇ, ಅದು ನೋಯೋ ಹೆಗಲಲ್ಲ ಮಾರಾಯ್ರೆ."

"ಮತ್ತೆ?"

"ನೋವು ಬಲಗಡೆ. ಸರಿ ಇದ್ದದ್ದನ್ನ ತೆಗೆಸಿದ್ರೆ ರಿಪೋರ್ಟು ಚೊಲೋ ಬರ್ತದೆ ಅಂತ ಹುಬ್ಬಳ್ಳೀಲಿ ಎಡಗಡೆ ನೋವು ಅಂದೆ. ನೀವು ಅದನ್ನೂ ಕೆಡಿಸಿದ್ರಲ್ಲ!"

ಸಿಟ್ಟು ಬಂತು, ನಗುವೂ ಬಂತು. ಎಡಗೈ ಎತ್ತಿಸಿದೆ, ತಿರುಗಿಸಿದೆ, ಜಗ್ಗಿದೆ. ಚೂರೂ ನೋವಿಲ್ಲ. ಪುಸ್ತಕ ತೆಗೆದೆ. ಕೆಲವರಿಗೆ ಆ ಜಾಗದಲ್ಲಿ ಅಂಚು ಹುಟ್ಟಿನಿಂದಲೇ ಎಲುಬಿಗೆ ಅಂಟಿರುವುದಿಲ್ಲ, ಅದು ರೋಗವಲ್ಲ. ಇವರದೂ ಅದೇ: ಬಿಟ್ಟ ಕಡೆ ನುಣುಪಾಗಿತ್ತು, ಕೆಳಗೆಲ್ಲ ಗಟ್ಟಿಯಾಗಿ ಅಂಟಿತ್ತು. ಕಣ್ಣೆದುರೇ ಇದ್ದದ್ದನ್ನು ಅವಸರದಲ್ಲಿ ನೋಡಿರಲಿಲ್ಲ. ನಾಚಿಕೆಯಾಯಿತು. ಮೊದಲ ವರದಿಯನ್ನು ಅವರೆದುರೇ ಚೂರು ಮಾಡಿ, ಎಡಹೆಗಲು ಸರಿಯಿದೆ ಎಂದು ಹೊಸದಾಗಿ ಬರೆದುಕೊಟ್ಟೆ.

"ಬಲಗಡೆಯದೂ ತೆಗೆಸ್ಕೊಂಡು ಬನ್ನಿ. ಔಷಧದಲ್ಲೇ ಗುಣ ಆಗ್ಲೂಬಹುದು," ಎಂದೆ.

"ಸರಿ ಇದ್ದ ಹೆಗಲಿಗೇ ಹಾಂಗೆ ಬರದ್ರಿ. ನೋಯೋ ಹೆಗಲಿಗೆ ಎಂತ ಬರೀತೀರೇನ!"

ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದವರು ಮತ್ತೆ ಬರಲಿಲ್ಲ. ನನ್ನ ಮೇಲೆ ನಂಬಿಕೆ ಹೋಗಿದ್ದರೆ ಅದು ಅವರ ತಪ್ಪಲ್ಲ. ಅಂದಿನಿಂದ, ನೋಯುವ ಜಾಗವನ್ನು ರೋಗಿಯ ಕೈಯಿಂದಲೇ ಮುಟ್ಟಿಸದೆ ನಾನು ಫಿಲ್ಮು ಸಿಕ್ಕಿಸುವುದಿಲ್ಲ.

ಕೆಲವು ತಿಂಗಳ ಮೇಲೆ ಸಿದ್ದಾಪುರಕ್ಕೆ ಹೊರಟವನು ಹತ್ತಿದ್ದು ಅವರದೇ ಬಸ್ಸು. ಗುರುತು ಹಿಡಿದು ನಕ್ಕರು. ನಮಸ್ಕಾರಕ್ಕೆಂದು ಬಲಗೈ ಎತ್ತಹೋಗಿ, ಅರ್ಧಕ್ಕೇ ಇಳಿಸಿ, ಎಡಗೈಯನ್ನು ಹಣೆಗೆ ಮುಟ್ಟಿಸಿದರು.