ಮುತ್ತುರಾಜ ಅಂಗಿ ಕಳೆದ ದಿನ

ನಾನು ಯಾಕೂಬಸಾಬ, ಹುನಗುಂದದ ದರ್ಜಿ. ನಲವತ್ತು ವರ್ಷಗಳಿಂದ ಗಂಡಸರ ಅಳತೆ ತೆಗೆಯುತ್ತ ಬಂದವನಿಗೆ ಒಂದು ಮಾತು ಖಚಿತವಾಗಿ ಗೊತ್ತು: ಗಂಡಸಿನಷ್ಟು ತನ್ನ ಮೈಗೆ ನಾಚುವ ಪ್ರಾಣಿ ಇನ್ನೊಂದಿಲ್ಲ. ಟೇಪು ಹೊಟ್ಟೆಗೆ ಬಂದೊಡನೆ ಎಂಥ ಮೀಸೆಯವನೂ ಉಸಿರು ಒಳಗೆಳೆದುಕೊಳ್ಳುತ್ತಾನೆ. ನಾನು ಸುಮ್ಮನೆ ಎರಡು ಇಂಚು ಹೆಚ್ಚು ಬರೆದುಕೊಳ್ಳುತ್ತೇನೆ. ಆದರೆ ಮರೋಳದ ಮುತ್ತುರಾಜನ ಅಳತೆಯನ್ನು ಮಾತ್ರ ನಾನೆಂದೂ ಬುಕ್ಕಿನಲ್ಲಿ ಬರೆದವನಲ್ಲ. ಬಾಯಿಪಾಠ ಇಟ್ಟುಕೊಂಡಿದ್ದೆ.

ಅವನಿಗೆ ಹದಿನಾರು ಇದ್ದಾಗ ಮೊದಲ ಸಲ ಬಂದ. ಅಂಗಡಿ ಖಾಲಿಯಾಗುವತನಕ ರಸ್ತೆಯಲ್ಲೇ ಕಾದು, ಒಳಗೆ ಬಂದು, ನೆಲ ನೋಡುತ್ತ ಹೇಳಿದ.

"ಕಾಕಾ, ಒಂದು ಬನಿಯನ್ ಹೊಲದು ಕೊಡ್ರಿ. ಭಾಳ ಬಿಗಿ ಇರ್ಲಿ. ಉಸಿರಾಡಾಕ ಬಂದ್ರ ಸಾಕು."

ಹುಡುಗ ದಪ್ಪಗಿರಲಿಲ್ಲ. ಆದರೆ ಎದೆ ಮಾತ್ರ ಹೆಣ್ಣುಮಕ್ಕಳ ಎದೆಯ ಹಾಗೆ ಉಬ್ಬಿತ್ತು. ಸಾಲೆಯಲ್ಲಿ ಅವನಿಗೆ ಇಟ್ಟಿದ್ದ ಅಡ್ಡಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಹೇಳಿದರೆ ನನ್ನ ಬಾಯಿಯೇ ಹೊಲಸು. ಮಾಂಜರಪಾಟ ಎಂಬ ದಪ್ಪ ಹತ್ತಿಬಟ್ಟೆಯನ್ನು ಎರಡು ಪದರ ಮಾಡಿ, ಪಕ್ಕೆಗೆ ಹುಕ್ಕು ಹಾಕಿ ಹೊಲಿದುಕೊಟ್ಟೆ. ಅಲ್ಲಿಂದ ಹದಿನೈದು ವರ್ಷ, ವರ್ಷಕ್ಕೆ ಮೂರು. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿ, ಚರ್ಮ ಸುಲಿದು ರಕ್ತ ಬಂದರೂ ಅವನು ಅದನ್ನು ಬಿಚ್ಚಲಿಲ್ಲ. ನಾನೂ ಹೊಲಿಯುತ್ತಲೇ ಹೋದೆ. ಒಂದು ಸಲವಾದರೂ "ದವಾಖಾನಿಗೆ ತೋರಿಸೋ" ಎನ್ನಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆ ಇಂದಿಗೂ ಇದೆ.

ಮುತ್ತುರಾಜ ದೊಡ್ಡವನಾಗಿ ನನ್ನ ಅಂಗಡಿಯ ಎದುರೇ ಮೋಟಾರು ರಿಪೇರಿ ಅಂಗಡಿ ಹಾಕಿದ. ಸುಟ್ಟ ಪಂಪಿಗೆ ಹೊಸ ತಂತಿ ಸುತ್ತುವುದರಲ್ಲಿ ಎತ್ತಿದ ಕೈ. ಆದರೆ ಜೀವವೆಲ್ಲ ಇದ್ದದ್ದು ಡೊಳ್ಳಿನಲ್ಲಿ. ಅವನ ಅಪ್ಪ ಹುಲ್ಲಪ್ಪ ಮರೋಳದ ಬೀರಪ್ಪನ ಮುಂದಿನ ಡೊಳ್ಳಿನವನು. ಬೀರಪ್ಪನ ಪಲ್ಲಕ್ಕಿ ಹೊಳೆಗೆ ಹೋಗುವಾಗ ಎಲ್ಲರಿಗಿಂತ ಮುಂದೆ ನಿಂತು ಪೆಟ್ಟು ಎತ್ತಿಕೊಡುವವನು. ಹಿಂದಿನವರು ಅಂಗಿ ತೊಟ್ಟು ಬಾರಿಸಿದರೂ ನಡೆಯುತ್ತದೆ. ಮುಂದಿನವನು ಮಾತ್ರ ಬರಿಮೈಯಲ್ಲಿ, ಎದೆಗೆ ಭಂಡಾರ, ಅಂದರೆ ದೇವರ ಅರಿಶಿನ ಬಳಿದುಕೊಂಡು ನಿಲ್ಲಬೇಕು. ಆ ಗುಡಿಯ ಕಟ್ಟಳೆ ಅದು.

ಹುಲ್ಲಪ್ಪನ ಮೊಣಕಾಲು ಸೋತು ಐದು ವರ್ಷವಾಗಿತ್ತು. ತಾಲೀಮಿನಲ್ಲಿ ಮಗ ಬಾರಿಸಿದರೆ ಹಿರಿಯರು ತಲೆದೂಗುತ್ತಿದ್ದರು. ಪಲ್ಲಕ್ಕಿಯ ದಿನ ಬಂತೆಂದರೆ ಮಾತ್ರ ಮುತ್ತುರಾಜನಿಗೆ ಇಳಕಲ್ಲಿನಲ್ಲಿ ಯಾವುದೋ ಅರ್ಜೆಂಟ್ ಮೋಟಾರು ಸುಟ್ಟಿರುತ್ತಿತ್ತು. "ಸಾಲಿ ಕಲ್ತು ಸೊಕ್ಕು ಬಂದೈತಿ. ದೇವರ ಡೊಳ್ಳು ಹೊರಾಕ ನಾಚಿಕಿ ಮಗಗ" ಎಂದು ಹುಲ್ಲಪ್ಪ ಸಿಕ್ಕಸಿಕ್ಕವರ ಮುಂದೆ ಬೈಯುತ್ತಿದ್ದ. ಹೋದ ವರ್ಷ ಪೂಜಾರಿ ಮಾಳಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ: ಬರುವ ಪಲ್ಲಕ್ಕಿಗೆ ಮುತ್ತುರಾಜ ನಿಲ್ಲದಿದ್ದರೆ ಮುಂದಿನ ಡೊಳ್ಳು ಬೇರೆ ಮನೆಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ.

ಮರುವಾರ ಮುತ್ತುರಾಜ ಬಾಗಲಕೋಟೆಗೆ ಹೊರಟ. ಕದ್ದು ಹೊರಡಲಿಲ್ಲ. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ: "ಎದೆಯ ಕೊಬ್ಬು ತೆಗೆಸಲು ಹೋಗಿದ್ದೇನೆ. ಹದಿನೈದು ದಿನ ಅಂಗಡಿ ಬಂದ್."

"ಹುಚ್ಚ ಏನಲೇ ನೀ? ಹರದು ಒಗಿ ಅದನ್ನ" ಎಂದೆ.

"ಇರ್ಲಿ ಬಿಡ್ರಿ ಕಾಕಾ. ಮುಚ್ಚಿ ಮುಚ್ಚಿ ಸಾಕಾಗೈತಿ. ಒಮ್ಮಿ ಎಲ್ಲಾರೂ ಓದ್ಲಿ."

ಓದಿದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಚಹಾದಂಗಡಿಯಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಹುಲ್ಲಪ್ಪ ಮಗನ ಮುಖ ನೋಡಲಾರೆ ಎಂದು ತಮ್ಮನ ಕುರಿಹಟ್ಟಿ ಸೇರಿಕೊಂಡ.

ಆಸ್ಪತ್ರೆಗೆ ನಾನೇ ಜೊತೆಗೆ ಹೋಗಿದ್ದೆ. ಇಂಥ ಎದೆ ಬಹಳ ಗಂಡಸರಿಗೆ ಇರುತ್ತದೆ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಸಣ್ಣ ರಂಧ್ರದಿಂದ ನಳಿಕೆ ಹಾಕಿ ಕೊಬ್ಬು ಎಳೆದರು, ಒಳಗಿನ ಗಂಟನ್ನು ಕೊಯ್ದು ತೆಗೆದರು. ಬಿಗಿಯಾದ ಪಟ್ಟಿ ಸುತ್ತಿ, ತಾವು ಹೇಳುವತನಕ ಬಿಚ್ಚಬಾರದು ಎಂದು ಒತ್ತಿ ಒತ್ತಿ ಹೇಳಿ ಕಳಿಸಿದರು.

ನಾಲ್ಕನೆಯ ದಿನ ಮುತ್ತುರಾಜ ಗುಳಿಗೆ ನುಂಗಿ ಮಧ್ಯಾಹ್ನ ಮಲಗಿದ್ದ. ಅವನ ಅವ್ವ ಬೋರವ್ವನ ಕರುಳು ತಡೆಯಲಿಲ್ಲ. ಮಗನಿಗೆ ಉಸಿರು ಕಟ್ಟುತ್ತದೆ ಎಂದು ಪಟ್ಟಿ ಬಿಚ್ಚಿ, ಗಾಯಕ್ಕೆಲ್ಲ ಬೀರಪ್ಪನ ಭಂಡಾರ ಒತ್ತಿ, ಸಡಿಲ ಸುತ್ತಿ, ಕೈಮುಗಿದು ಕುಳಿತಳು. ಸಂಜೆಗೆ ಎಡಗಡೆ ರಕ್ತ ತುಂಬಿ ಊದಿತ್ತು. ಮತ್ತೆ ಬಾಗಲಕೋಟೆ, ಸೂಜಿ, ಡಾಕ್ಟರ ಬೈಗುಳ. ಗಾಯ ಮಾಯಿತು. ಎಡಗಡೆ ಮಾತ್ರ ಒಂದು ತಗ್ಗು ಉಳಿಯಿತು, ಸುತ್ತ ಚರ್ಮ ಗಂಟು ಕಟ್ಟಿತು. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಕೊಯ್ದು ಸರಿ ಮಾಡಬಹುದು ಎಂದರು ಡಾಕ್ಟರು. ಬೋರವ್ವ ಹಣೆ ಹಣೆ ಬಡಿದುಕೊಂಡಳು.

"ಅಳಬ್ಯಾಡಬೇ" ಎಂದ ಮುತ್ತುರಾಜ. "ಒಮ್ಮಿ ಕೊಯ್ಸಿಕೊಂಡಿದ್ದು ನನ್ನ ಸಲುವಾಗಿ. ಇನ್ನೊಮ್ಮಿ ಕೊಯ್ಸಿಕೊಂಡ್ರ ಅದು ಮಂದಿ ಸಲುವಾಗಿ ಆಕ್ಕೈತಿ. ನಾ ಒಲ್ಲೆ."

ಪಲ್ಲಕ್ಕಿಯ ದಿನ ನಾನೂ ಮರೋಳಕ್ಕೆ ಹೋದೆ. ಹುಲ್ಲಪ್ಪ ಹಟ್ಟಿಯಿಂದ ಬಂದು ಡೊಳ್ಳಿನ ಪಕ್ಕ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಬೆಳಗಿನ ಬಿಸಿಲು ಚುರುಕಾಗಿತ್ತು. ಮುತ್ತುರಾಜ ನೇರ ಗುಡಿಯ ಮುಂದೆ ಬಂದು, ಅಂಗಿ ಕಳೆದು, ಅವ್ವನ ಕೈಗೆ ಕೊಟ್ಟ. ಒಳಗೆ ಏನೂ ತೊಟ್ಟಿರಲಿಲ್ಲ. ತಗ್ಗು ಎಲ್ಲರಿಗೂ ಕಂಡಿತು. ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು.

"ನಿಲ್ಲು" ಎಂದ ಮಾಳಪ್ಪ. "ಕೊಯ್ಸಿಕೊಂಡ ಮೈ ಅದು. ಊನ ಆದ ಮೈಲೆ ದೇವರ ಮುಂದ ನಿಲ್ಲಾಕ ಬರಂಗಿಲ್ಲ."

"ಮಾಳಪ್ಪಕಾಕಾ, ನಿಮ್ಮ ಅಪೆಂಡಿಕ್ಸ್ ತಗದು ಎಷ್ಟು ವರ್ಷ ಆತ್ರಿ? ಆ ಗುರ್ತು ಧೋತರದ ಒಳಗ ಐತಿ ಅಂತ ದೇವರಿಗೆ ಕಾಣಂಗಿಲ್ಲೇನು?"

ಜನ ನಕ್ಕರು. ಈ ಸಲ ಮುತ್ತುರಾಜನನ್ನು ನೋಡಿ ಅಲ್ಲ.

"ಅದು ಬ್ಯಾನಿಗೆ ಮಾಡಿಸಿದ್ದಲೇ. ನಿಂದು ಷೋಕಿಗೆ!"

"ಹೊಟ್ಟ್ಯಾಗ ಇದ್ರ ಅಷ್ಟ ಬ್ಯಾನಿ ಏನ್ರಿ? ಎದಿ ಇದ್ದಾಗ ನಕ್ಕ್ರಿ, ತೆಗಿಸಿದ್ರ ಊನ ಅಂತೀರಿ. ಯಾವ ಮೈ ತಗೊಂಡು ಬರ್ಲಿ ನಾ? ಈ ತಗ್ಗು ಬಿದ್ದದ್ದು ಬೀರಪ್ಪನ ಭಂಡಾರ ಹಚ್ಚಿದ್ದಕ್ಕ. ತಕರಾರಿದ್ರ ಅವನ್ನ ಕೇಳ್ರಿ!"

ಅಷ್ಟರಲ್ಲಿ ಬೋರವ್ವ ಮುಂದೆ ಬಂದು, ಪೂಜಾರಿಯ ತಟ್ಟೆಯಿಂದಲೇ ಬೊಗಸೆ ತುಂಬ ಭಂಡಾರ ಎತ್ತಿ, ಮಗನ ಎದೆಗೆ, ಆ ತಗ್ಗಿಗೆ ಗಸಗಸ ಬಳಿದಳು. ಮಾಳಪ್ಪ ಅತ್ತಿತ್ತ ನೋಡಿದ. ಅವನ ಪರ ಮಾತಾಡುವವರು ಯಾರೂ ಕಾಣಲಿಲ್ಲ. "ನಡೀರಿ, ಹೊತ್ತಾತು" ಎಂದು ಪಲ್ಲಕ್ಕಿಯ ಕಡೆ ತಿರುಗಿದ.

ಡೊಳ್ಳನ್ನು ಮಗನ ಕೊರಳಿಗೆ ಕಟ್ಟಬೇಕಾದವನು ಹುಲ್ಲಪ್ಪ. ಹಗ್ಗ ಹಿಡಿದು ಹತ್ತಿರ ಬಂದ. ಎಷ್ಟೋ ವರ್ಷಗಳ ಮೇಲೆ ಮಗನ ಎದೆ ನೋಡುತ್ತಿದ್ದ. ಅವನ ದನಿ ಒಡೆದಿತ್ತು.

"ಸೊಕ್ಕು ಅಂತ ತಿಳದು ಊರೆಲ್ಲಾ ಬೈಕೊಂತ ತಿರುಗಿದ್ನಲ್ಲೋ. ನನಗರ ಒಂದು ಮಾತು ಮೊದಲ ಹೇಳಬಾರದಿತ್ತೇನು?"

"ಹೇಳಿದ್ದೆ, ಅಪ್ಪಾ" ಎಂದ ಮುತ್ತುರಾಜ. "ಹದಿನಾಲ್ಕು ವರ್ಷದವ ಇದ್ದಾಗ. ಕುರಿ ತೊಳಿಯಾಕ ಹೊಳಿಗೆ ಹೋಗಿದ್ವಿ. ನಿನಗ ಒಬ್ಬವಗ ಹೇಳಿದ್ದೆ. ನೀ ನಕ್ಕಿ. ಮನಿಗೆ ಬಂದು ಎಲ್ಲಾರಿಗೂ ಹೇಳಿ ನಗಿಸಿದಿ."

ಹಗ್ಗ ಕಟ್ಟುತ್ತಿದ್ದ ಹುಲ್ಲಪ್ಪನ ಕೈ ಅಲ್ಲೇ ನಿಂತಿತು.

"ಗಟ್ಟಿ ಕಟ್ಟು" ಎಂದ ಮುತ್ತುರಾಜ. "ಹೊಳಿ ಮಟಾ ಹೋಗೋದೈತಿ."