ಸಲಹೆ ಕೊಡಲು ಬ್ಯಾಡಗಿಗೆ ಹೋದದ್ದು

ಬೆಂಗಳೂರಿನಿಂದ ಹೊರಟ ರೈಲು ಹಾವೇರಿ ತಲುಪಿದಾಗ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ಜನವರಿಯ ಚಳಿ. ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಶಾಲು, ಮುಕ್ಕಾಲು ಪಾಲು ಬರೆದು ಮುಗಿಸಿದ್ದ ಒಂದು ವರದಿ ಇದ್ದವು. ಬಡತನ ಕಡಿಮೆಯಾಗಬೇಕಾದರೆ ಊರೂರಲ್ಲಿ ಸಣ್ಣ ಖಾಸಗಿ ಉದ್ಯಮಗಳು ಬೆಳೆಯಬೇಕು, ಅವಕ್ಕೆ ಯಾವ ಬಗೆಯ ನೆರವು ಬೇಕು ಎಂದು ಸರ್ಕಾರಿ ಇಲಾಖೆಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಮೂರನೆಯ ದಿನ ಹಾವೇರಿಯಲ್ಲಿ ಅಧಿಕಾರಿಗಳ ಸಭೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ನಾನು ವರದಿ ಒಪ್ಪಿಸಬೇಕಿತ್ತು. ತೊಟ್ಟು ಬಿಡಿಸುವ ದೊಡ್ಡ ಯಂತ್ರವೊಂದನ್ನು ಯೋಗ್ಯ ಉದ್ಯಮಿಯೊಬ್ಬರಿಗೆ ಕೊಡಿಸಿದರೆ ಹತ್ತಾರು ಜನರಿಗೆ ಕೂಲಿ ಸಿಗುತ್ತದೆ ಎಂದು ಬೆಂಗಳೂರಿನಲ್ಲಿ ಕೂತೇ ಬರೆದಿದ್ದೆ. ಊರು ನೋಡಿ ಬರುವುದು ಬರೀ ಶಾಸ್ತ್ರಕ್ಕೆ ಎಂದುಕೊಂಡಿದ್ದೆ.

ಲಾಡ್ಜಿನಲ್ಲಿ ಮುಖ ತೊಳೆದು, ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಸುಸಲಾ ತಿಂದೆ. ನೆನೆಸಿದ ಮಂಡಕ್ಕಿಗೆ ಪುಟಾಣಿ ಹಿಟ್ಟು ಹಾಕಿ ಕೊಟ್ಟ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ. ಬ್ಯಾಡಗಿ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬಸ್ಸು ಒಳಗೆ ತಿರುಗಿತು. ಊರು ಇನ್ನೂ ಕಂಡಿರಲಿಲ್ಲ, ಘಾಟು ಮೂಗಿಗೆ ಬಡಿಯಿತು. ನಾನೊಬ್ಬಳೇ ಸೀನಿದೆ. ಉಳಿದವರಿಗೆ ಅದು ಗಾಳಿಯಷ್ಟೇ ಸಹಜವಾಗಿತ್ತು.

ನಿಲ್ದಾಣದಲ್ಲಿ ರೇಣುಕಾ ಕಾಯುತ್ತಿದ್ದಳು. ಪಿಯುಸಿ ಓದಿದ, ಮೂವತ್ತರ ಆಸುಪಾಸಿನ ಹೆಂಗಸು. ಮೂವತ್ತು ಹೆಂಗಸರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಕಂಪನಿಯ ಕಾಗದಪತ್ರವೆಲ್ಲ ಅವಳ ಕೈಯಲ್ಲಿ. ಮಾರುಕಟ್ಟೆಯ ಹಿಂದಿನ ಹಳೆಯ ಗೋದಾಮಿಗೆ ಕರೆದುಕೊಂಡು ಹೋದಳು. ಅಲ್ಲಿ ಕೆಂಪು ರಾಶಿಗಳ ನಡುವೆ ಕೂತಿದ್ದ ಗಿರಿಜವ್ವ ಎದ್ದು ಬಂದು, ಸೆರಗಿನಿಂದ ಕೈ ಒರೆಸಿಕೊಂಡರು.

“ಬರ್ರಿ ಅಕ್ಕಾರ, ಕುಂದರ್ರಿ.”

ಗಿರಿಜವ್ವನಿಗೆ ಐವತ್ತು ದಾಟಿತ್ತು. ಇಪ್ಪತ್ತು ವರ್ಷ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಕಾಯಿಯ ತೊಟ್ಟು ಮುರಿದವರು. ಹೋದ ದೀಪಾವಳಿಯ ನಂತರ ಈ ಮೂವತ್ತು ಜನ ಒಟ್ಟಿಗೆ ಆ ಕೆಲಸ ಬಿಟ್ಟು, ರೈತರಿಂದ ತಾವೇ ಕಾಯಿ ತಂದು, ತೊಟ್ಟು ತೆಗೆದು, ಆರಿಸಿ ಮಾರಲು ಹೊರಟಿದ್ದರು. ಬಿಟ್ಟು ಬರುವಾಗ ಅಲ್ಲಿನ ಮೇಸ್ತ್ರಿ, ತಿರುಗಿ ಬಂದರೆ ಕೆಲಸವಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದನಂತೆ. ಮರುದಿನ ರಾಣೆಬೆನ್ನೂರಿನ ಮಸಾಲೆ ಕಾರ್ಖಾನೆಯೊಂದರಲ್ಲಿ ಅವರ ಮೊದಲ ದೊಡ್ಡ ಮಾಲಿನ ಪರೀಕ್ಷೆಯಿತ್ತು. ಅಲ್ಲಿ ಬೇಡವೆಂದರೆ ಮೂವತ್ತು ಮನೆಗಳಿಗೂ ಹಿಂದಿನ ದಾರಿಯಿಲ್ಲ, ಮುಂದಿನದೂ ಇಲ್ಲ.

ನಾನು ನನ್ನ ಯಂತ್ರದ ವಿಚಾರ ವಿವರಿಸಿದೆ. ಎಲ್ಲ ಕೇಳಿಸಿಕೊಂಡ ಗಿರಿಜವ್ವ ಮೆಲ್ಲಗೆ ಕೇಳಿದರು: “ಆ ಮಷಿನ್ ಯಾರದ್ದಾಗಿರತೈತ್ರಿ?”

ಉದ್ಯಮಿಯದು ಎಂದೆ.

“ಹಂಗಾದ್ರ ನಾವ್ಯಾರ್ರಿ?”

ನನ್ನ ವರದಿಯ ಉದ್ದಕ್ಕೂ ಈ ಹೆಂಗಸರು ‘ಕೂಲಿ ಕಾರ್ಮಿಕರು’ ಎಂದೇ ಇದ್ದರು. ಉದ್ಯಮಿ ಎಂಬ ಪದ ಇವರಿಗೂ ಸಲ್ಲಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಗಿರಿಜವ್ವ ಆ ಮಾತನ್ನು ಅಲ್ಲಿಗೇ ಬಿಟ್ಟರು. ನಸುಕಿನಲ್ಲಿ ಬಂದು ಕೆಲಸ ನೋಡಿ ಎಂದಷ್ಟೇ ಹೇಳಿ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದರು. ಅಂದು ರೇಣುಕಾಳ ಮನೆಯಲ್ಲೇ ಉಳಿದೆ.

ಮರುದಿನ ಐದೂವರೆಗೆಲ್ಲ ಗೋದಾಮಿನ ಅಂಗಳ ತುಂಬಿತ್ತು. ರಾತ್ರಿ ಬಯಲಿಗೆ ಹರಡಿದ್ದ ಕಾಯಿ ಇಬ್ಬನಿಗೆ ಮೆತ್ತಗಾಗಿತ್ತು. ಆ ಮೆದುವಿನಲ್ಲಿ ಬೆರಳು ಒಂದು ತಿರುವು ಕೊಟ್ಟರೆ ತೊಟ್ಟು ಹೊರಗೆ, ಕಾಯಿ ಇಡಿಯಾಗಿ ಉಳಿಯುತ್ತದೆ. ಬಿಸಿಲೇರಿ ಕಾಯಿ ಗರಿಗರಿಯಾದ ಮೇಲೆ ಮುಟ್ಟಿದರೆ ಒಡೆದು ಬೀಜ ಚೆಲ್ಲುತ್ತದೆ. ಮೆತ್ತಗಾಗಲೆಂದು ನೀರು ಚಿಮುಕಿಸಿದರೆ ಬೂಸು ಹಿಡಿಯುತ್ತದೆ. ಆದ್ದರಿಂದ ಹೊತ್ತೇರುವ ಮುಂಚೆ ತೊಟ್ಟು, ಆಮೇಲೆ ಒಣಗಿಸುವುದು. ನಾನೂ ಕೂತು ಪ್ರಯತ್ನಿಸಿದೆ. ಮೊದಲ ಹತ್ತರಲ್ಲಿ ಆರು ಹರಿದವು. ಪಕ್ಕದವರು ನಗು ತಡೆದುಕೊಂಡರು.

ಒಂಬತ್ತಕ್ಕೆ ಟೆಂಪೊ ಬಂತು. ಎರಡು ವಾರದಿಂದ ತಯಾರು ಮಾಡಿ ಇಟ್ಟಿದ್ದ ಚೀಲಗಳನ್ನು ಹೆಂಗಸರೇ ಹೊತ್ತು ಏರಿಸಿದರು. ಗಿರಿಜವ್ವ, ರೇಣುಕಾ, ನಾನು ಹಿಂದೆ ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಮೆಕ್ಕೆಜೋಳದ ರಾಶಿಗಳು, ಬೀಜ ಕಂಪನಿಗಳ ಫಲಕಗಳು.

ಕಾರ್ಖಾನೆಯ ಪರೀಕ್ಷಕ ಮಂಜುನಾಥ ಎಂಬ ಯುವಕ, ಮಾತು ಕಡಿಮೆ. ಮೇಜಿನ ಮೇಲೆ ಬೇರೆ ಕಡೆಯಿಂದ ಬಂದ ಯಂತ್ರದ ಮಾಲಿನ ಮಾದರಿ ತಟ್ಟೆಯಲ್ಲಿತ್ತು. ಅರ್ಧಕ್ಕರ್ಧ ಚೂರು, ಬೀಜ ಬೇರೆ, ಸಿಪ್ಪೆ ಬೇರೆ. ನನ್ನ ವರದಿ ಕೇಳಿದ್ದು ಇಂಥದೇ ಯಂತ್ರವನ್ನು. ಅವನು ತೇವ ಅಳೆಯುವ ಮೀಟರ್ ಹಿಡಿದು ಮೊದಲ ಚೀಲಕ್ಕೆ ಹಚ್ಚಿದ. ಅಂಕಿ ಮೇಲೇರಿತು. ತೇವ ಜಾಸ್ತಿಯಿದೆ, ಈ ಮಾಲು ನಡೆಯುವುದಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಲು ಹೋದ. ರೇಣುಕಾ ಗೋಡೆಗೆ ಒರಗಿದಳು.

ಗಿರಿಜವ್ವ ಮುಂದೆ ಬಂದು ಆ ಚೀಲದೊಳಗೆ ಮೊಳಕೈವರೆಗೆ ಕೈ ಇಳಿಸಿದರು. ಒಳಗೇ ಕಾಯಿ ಹಿಸುಕಿ ನೋಡಿ ಹೇಳಿದರು:

“ಖರೇ ಐತ್ರಿ, ಇದು ಹಸಿ ಐತಿ. ಟೆಂಪೊದಾಗ ತೊಯ್ದ ತಾಡಪತ್ರಿ ಮಗ್ಗಲಕ ಇತ್ತು. ಇದನ್ನ ನಾವ ವಾಪಸ್ ಒಯ್ತೇವಿ. ಉಳಿದದ್ದನ್ನ ನಾ ಕೈಲೆ ನೋಡಿ ಹೇಳತೀನಿ, ನೀವು ಮೀಟರ್ ಹಚ್ಚಿ ನೋಡ್ರಿ.”

ಮಂಜುನಾಥನಿಗೆ ಕುತೂಹಲ ಹುಟ್ಟಿತು. ಒಂದೊಂದೇ ಚೀಲ ಬಿಚ್ಚಿಸಿದ. ಗಿರಿಜವ್ವ ಕೈ ಹಾಕಿ, ಒಣಗಿದೆ, ಇದೂ ಒಣಗಿದೆ, ಇದು ಒಂಚೂರು ಮೆತ್ತಗಿದ್ದರೂ ನಡೆಯುತ್ತದೆ ಎನ್ನುತ್ತ ಹೋದರು. ಹಿಂದೆಯೇ ಮೀಟರ್ ಅದನ್ನೇ ಹೇಳುತ್ತ ಬಂತು. ಹತ್ತನೆಯ ಚೀಲದ ಹೊತ್ತಿಗೆ ಕಾರ್ಖಾನೆಯ ಹಮಾಲರು ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮೂಲೆಯ ಒಂದು ಚೀಲಕ್ಕೆ ಗಿರಿಜವ್ವ ತಲೆಯಾಡಿಸಿ, ಇದೂ ಬೇಡ ಎಂದರು. ಮೀಟರ್ ಅದಕ್ಕೂ ಹೂಂಗುಟ್ಟಿತು. ಎರಡು ಚೀಲ ಬದಿಗೆ ಸರಿದವು, ಉಳಿದವೆಲ್ಲ ತೇರ್ಗಡೆಯಾದವು. ಒಂದು ಬೊಗಸೆ ಕಾಯಿ ಮೇಜಿನ ಮೇಲೆ ಸುರಿದು ನೋಡಿದ ಮಂಜುನಾಥ: ಇಡಿಯಾದ, ಸುಕ್ಕುಸುಕ್ಕಾದ, ಗಾಢ ಕೆಂಪು ಕಾಯಿಗಳು, ತೊಟ್ಟಿನ ಗುರುತಿಲ್ಲ. ಒಳಗೆ ಹೋಗಿ ಮಾಲೀಕರೊಂದಿಗೆ ಮಾತಾಡಿ ಬಂದ.

“ವಾರಕ್ಕೊಂದು ಟೆಂಪೊ ಕಳಸ್ರಿ ಅವ್ವಾರ, ಸೀಸನ್ ಮುಗಿಯೂ ತನಕ. ಈ ಎರಡ ಚೀಲ ಹಸಿ ಅಂತ ನೀವಾಗೇ ಒಪ್ಪಿ ತಗದ್ರಿ ನೋಡ್ರಿ, ಅದಕ್ಕ ಪೂರಾ ಸೀಸನ್ನಿನ ಆರ್ಡರ್ ಕೊಡಾಕತ್ತೇವಿ.”

ಕಾರ್ಖಾನೆಯ ಗೇಟಿನ ಹೊರಗೆ ಗಿರಿಜವ್ವ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ರೇಣುಕಾ ಬ್ಯಾಡಗಿಗೆ ಫೋನ್ ಹಚ್ಚಿದಳು. ಆ ಕಡೆ ಮೂವತ್ತು ಮನೆಯ ಗದ್ದಲ ನನಗೂ ಕೇಳಿಸಿತು. ಮೂವರೂ ಎದುರಿನ ಅಂಗಡಿಯಲ್ಲಿ ಮಂಡಕ್ಕಿಯ ಗಿರ್ಮಿಟ್ಟು ತಿಂದು, ಎರಡೆರಡು ಕಪ್ ಚಹಾ ಕುಡಿದೆವು. ಅಷ್ಟು ರುಚಿಯಾದ ಚಹಾ ನಾನು ಬಹಳ ವರ್ಷಗಳಿಂದ ಕುಡಿದಿರಲಿಲ್ಲ. ನಾಳೆ ಹಾವೇರಿಯ ಸಭೆಗೆ ಇಬ್ಬರೂ ನನ್ನ ಜೊತೆ ಬರಬೇಕೆಂದು ಅಲ್ಲೇ ಕೇಳಿಕೊಂಡೆ.

ಮೂರನೆಯ ದಿನ ಸಭೆಯಲ್ಲಿ ನನ್ನ ಸರದಿ ಬಂದಾಗ, ಯಂತ್ರ ಕೊಡಿಸಬೇಕೆಂದು ಬರೆದು ತಂದ ವರದಿ ತಪ್ಪಾಗಿದೆ, ಬೇರೆ ಬರೆಯುತ್ತೇನೆ, ಸದ್ಯ ಬ್ಯಾಡಗಿಯ ಉದ್ಯಮಿಯೊಬ್ಬರು ಮಾತಾಡುತ್ತಾರೆ ಎಂದೆ. ಇಷ್ಟು ವರ್ಷದ ಕೆಲಸದಲ್ಲಿ ಹೀಗೆ ಹೇಳಿದ್ದು ಅದೇ ಮೊದಲು. ಗಿರಿಜವ್ವ ಎದ್ದು ನಿಂತರು. ರಾಣೆಬೆನ್ನೂರಿನಲ್ಲಿ ನಡೆದದ್ದನ್ನು ಹೇಳಿದರು. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ, ಯಂತ್ರ ಬೇಡವಾದರೆ ಮತ್ತೇನು ಬೇಕು ಎಂದು ಕೇಳಿದರು.

“ಕಾಯಿ ಒಣಗಸಾಕ ಒಂದು ಸಿಮೆಂಟಿನ ಕಟ್ಟಿ, ಮಗ್ಗಲಕ ಚೀಲ ಇಡಾಕ ಒಂದು ತಗಡಿನ ಶೆಡ್ ಬೇಕ್ರಿ. ಮತ್ತ ಆ ಸಣ್ಣ ಮೀಟರ್ ಒಂದು.”

ನಿಮ್ಮ ಕೈಯೇ ಇದೆಯಲ್ಲ, ಮೀಟರ್ ಯಾಕೆ ಎಂದು ಅವರು ನಕ್ಕರು.

“ನನ್ನ ಕೈ ಇಪ್ಪತ್ತು ವರ್ಷಕ್ಕ ಕಲತೈತ್ರಿ. ಹೊಸದಾಗಿ ಬರೂ ಹೆಣ್ಮಕ್ಕಳು ಅಷ್ಟು ದಿನ ಯಾಕ ಕಾಯಬೇಕು?”

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ಕೂಡಿಕೊಂಡರು. ಕಟ್ಟೆ, ಶೆಡ್, ಮೀಟರ್ ಮೂರೂ ಆ ಸಭೆಯಲ್ಲೇ ಮಂಜೂರಾದವು. ಅರ್ಜಿಯಲ್ಲಿ ‘ಉದ್ಯಮಿಯ ಹೆಸರು’ ಎಂಬಲ್ಲಿ ರೇಣುಕಾ ಗುಂಡಗಿನ ಅಕ್ಷರದಲ್ಲಿ ಮೂವತ್ತೂ ಹೆಸರು ಬರೆದಳು. ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು.

ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಅವರನ್ನು ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಹೋದೆ. ಬ್ಯಾಡಗಿ ಬಸ್ಸು ತುಂಬಿತ್ತು, ಆದರೂ ಗಿರಿಜವ್ವನಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಟಾಗ ನಾನು ಕೈ ಎತ್ತಿದೆ. ಗಿರಿಜವ್ವ ಆಗಲೇ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕಡೆ ತಿರುಗಿ, ಗಾಳಿಯಲ್ಲಿ ಬೆರಳು ತಿರುವಿ ತೊಟ್ಟು ಮುರಿಯುವುದನ್ನು ತೋರಿಸುತ್ತಿದ್ದರು. ಆ ಹೆಂಗಸು ಗಮನವಿಟ್ಟು ನೋಡುತ್ತಿದ್ದಳು. ನನ್ನ ಕಡೆ ನೋಡಲು ಗಿರಿಜವ್ವನಿಗೆ ಪುರುಸೊತ್ತಿರಲಿಲ್ಲ.